ರುಡಾಲ್ಫ್ ಡೀಸೆಲ್: ಎಂಜಿನ್ನಿನ ಉಳಿತಾಯ, ದುರಸ್ತಿಯ ಲೆಕ್ಕ

ಜರ್ಮನಿಯಲ್ಲಿ ಹಳೆಯ ಕಾರು ಕೊಳ್ಳಲು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ ಡೀಸೆಲ್ಲೋ ಪೆಟ್ರೋಲೋ ಎಂಬುದು. ಬಲ್ಲವರು ಕೊಡುವ ಉತ್ತರ ಬಹುಮಟ್ಟಿಗೆ ಒಂದೇ. ಡೀಸೆಲ್ ಕಾರು ಕಡಿಮೆ ಕುಡಿಯುತ್ತದೆ, ಹೆಚ್ಚು ಕಾಲ ಬಾಳುತ್ತದೆ, ಕೆಟ್ಟರೆ ಮಾತ್ರ ಕೈ ಸುಡುತ್ತದೆ. ಈ ಮಾತಿನ ಸಿಹಿಯನ್ನೂ ಕಹಿಯನ್ನೂ ಎಲ್ಲರಿಗಿಂತ ಮೊದಲು ಉಂಡವನು ಆ ಎಂಜಿನ್ನಿಗೆ ತನ್ನ ಹೆಸರನ್ನು ಕೊಟ್ಟ ರುಡಾಲ್ಫ್ ಡೀಸೆಲ್. ಇಂಧನದ ಲೆಕ್ಕವನ್ನು ಆತ ತನ್ನ ಕಾಲದ ಯಾವ ಎಂಜಿನಿಯರನಿಗಿಂತಲೂ ಸೂಕ್ಷ್ಮವಾಗಿ ಹಾಕಿದ್ದ. ದುರಸ್ತಿಯ ಲೆಕ್ಕವನ್ನು ಹಾಕಿರಲಿಲ್ಲ. ಆತನ ಬದುಕಿನ ಏರಿಳಿತಗಳಲ್ಲಿ ಬಹುಪಾಲು ಈ ಎರಡರ ನಡುವಿನ ಅಂತರದಿಂದ ಹುಟ್ಟಿದವು.

ಡೀಸೆಲ್ ಜನಿಸಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್ಸಿನಲ್ಲಿ. ತಂದೆ ಥಿಯೊಡೋರ್ ಬವೇರಿಯದ ಔಗ್ಸ್‌ಬರ್ಗ್ ನಗರದಿಂದ ಬಂದು ನೆಲೆಸಿದ್ದ ಪುಸ್ತಕ ಕಟ್ಟುವ ಕಸುಬುದಾರ. ಚರ್ಮದ ಸಾಮಾನುಗಳನ್ನೂ ತಯಾರಿಸುತ್ತಿದ್ದ. ತಾಯಿ ಎಲೀಸೆ ನ್ಯೂರೆಂಬರ್ಗಿನವಳು. ಮನೆಯಲ್ಲಿ ಹಣದ ಅಡಚಣೆ ನಿತ್ಯದ್ದಾಗಿತ್ತು. 1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಗಳ ನಡುವೆ ಯುದ್ಧ ಹತ್ತಿಕೊಂಡಾಗ ಜರ್ಮನ್ ಮೂಲದವರು ಪ್ಯಾರಿಸ್ ತೊರೆಯಬೇಕಾಯಿತು. ಕುಟುಂಬ ಲಂಡನ್ನಿಗೆ ವಲಸೆ ಹೋಯಿತು. ಅಲ್ಲಿ ಹೊಟ್ಟೆ ಹೊರೆಯುವುದೇ ಕಷ್ಟವಾಗಿ, ಹನ್ನೆರಡರ ಹುಡುಗನನ್ನು ಔಗ್ಸ್‌ಬರ್ಗಿನ ಬಂಧುಗಳಾದ ಬಾರ್ನಿಕೆಲ್ ದಂಪತಿಗಳ ಬಳಿಗೆ ಕಳುಹಿಸಲಾಯಿತು. ಬಾರ್ನಿಕೆಲ್ ಅಲ್ಲಿನ ಕಸುಬಿನ ಶಾಲೆಯಲ್ಲಿ ಗಣಿತದ ಅಧ್ಯಾಪಕ. ಒಂದು ದೇಶದಲ್ಲಿ ಹುಟ್ಟಿ, ಇನ್ನೊಂದರಲ್ಲಿ ಆಶ್ರಯ ಬೇಡಿ, ಮತ್ತೊಂದರಲ್ಲಿ ಓದಿದ ಈ ಹುಡುಗನಿಗೆ ಮೂರು ಭಾಷೆಗಳು ಚೆನ್ನಾಗಿ ಬಂದವು. ಬಡತನದ ಭಯವೂ ಕಡೆಯವರೆಗೆ ಉಳಿಯಿತು.

ಔಗ್ಸ್‌ಬರ್ಗಿನ ಶಾಲೆಯಲ್ಲಿ ಗಾಜಿನ ಕೊಳವೆಯ ಒಂದು ಬೆಂಕಿ ಪಂಪನ್ನು ಆತ ಕಂಡಿದ್ದನೆಂದು ಹೇಳುವುದುಂಟು. ಕೊಳವೆಯೊಳಗಿನ ಕೊಂತವನ್ನು ರಭಸದಿಂದ ಒತ್ತಿದರೆ ಒಳಗಿನ ಗಾಳಿ ಕಾದು, ತುದಿಯಲ್ಲಿಟ್ಟ ಅರಳೆ ಹೊತ್ತಿಕೊಳ್ಳುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದವರೆಲ್ಲರೂ ಪಂಪಿನ ತುದಿ ಬಿಸಿಯಾಗುವುದನ್ನು ಬಲ್ಲರು, ತತ್ತ್ವ ಅದೇ. ವಿದ್ಯಾರ್ಥಿವೇತನದ ನೆರವಿನಿಂದ 1875ರಲ್ಲಿ ಮ್ಯೂನಿಕ್ಕಿನ ಪಾಲಿಟೆಕ್ನಿಕ್ ಸೇರಿದ ಡೀಸೆಲ್‌ಗೆ ಅಲ್ಲಿ ಗುರುವಾಗಿ ದೊರೆತವನು ಶೈತ್ಯಯಂತ್ರಗಳ ಪಿತಾಮಹನೆನಿಸಿದ ಕಾರ್ಲ್ ಫಾನ್ ಲಿಂಡೆ. ಉಗಿಯಂತ್ರ ತಾನು ಸುಡುವ ಕಲ್ಲಿದ್ದಲಿನ ಶಾಖದಲ್ಲಿ ಹತ್ತನೆಯ ಒಂದು ಪಾಲನ್ನೂ ಕೆಲಸವಾಗಿ ಮಾರ್ಪಡಿಸಲಾರದು ಎಂಬ ಸಂಗತಿ ಲಿಂಡೆಯ ಪಾಠದಲ್ಲಿ ಕಿವಿಗೆ ಬಿದ್ದಾಗ, ಉಳಿದ ತೊಂಬತ್ತು ಪಾಲಿನ ನಷ್ಟ ಆತನ ಮನಸ್ಸನ್ನು ಹಿಡಿದುಕೊಂಡಿತು. 1879ರಲ್ಲಿ ವಿಷಮಶೀತಜ್ವರದಿಂದ ಅಂತಿಮ ಪರೀಕ್ಷೆ ತಪ್ಪಿತು. ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ನಗರದ ಸುಲ್ಜರ್ ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತ ಮರುಪರೀಕ್ಷೆಗೆ ಕಾದು, 1880ರ ಜನವರಿಯಲ್ಲಿ ಅತ್ಯುನ್ನತ ಶ್ರೇಣಿಯಲ್ಲಿ ತೇರ್ಗಡೆಯಾದ.

ಮುಂದಿನ ಹತ್ತು ವರ್ಷಗಳು ಲಿಂಡೆಯ ಮಂಜುಗಡ್ಡೆ ಯಂತ್ರಗಳ ಸೇವೆಯಲ್ಲಿ ಪ್ಯಾರಿಸ್ಸಿನಲ್ಲಿ ಕಳೆದವು. ಮಾರ್ಥಾ ಫ್ಲಾಶೆಯೊಡನೆ ಮದುವೆಯಾಯಿತು, ಮೂವರು ಮಕ್ಕಳಾದರು. ಸಂಜೆಯ ಹೊತ್ತೆಲ್ಲ ಅಮೋನಿಯದ ಆವಿಯಿಂದ ನಡೆಯುವ ಎಂಜಿನ್ನಿಗಾಗಿ ವ್ಯಯವಾಯಿತು, ಅದು ಫಲಿಸಲಿಲ್ಲ. 1890ರಲ್ಲಿ ಲಿಂಡೆ ಸಂಸ್ಥೆಯ ಪರವಾಗಿಯೇ ಬರ್ಲಿನ್ನಿಗೆ ಬಂದ ಮೇಲೆ ಆವಿಯನ್ನು ಬಿಟ್ಟು ಗಾಳಿಯನ್ನು ಹಿಡಿದ.

ಆ ಹೊತ್ತಿಗೆ ನಿಕೋಲಸ್ ಆಟೊ ರೂಪಿಸಿದ ನಾಲ್ಕು ಹೊಡೆತದ ಎಂಜಿನ್ ಹದಿನೈದು ವರ್ಷ ಹಳೆಯದಾಗಿತ್ತು. ಇಂದಿನ ಪೆಟ್ರೋಲ್ ಎಂಜಿನ್ ಅದರ ವಂಶದ್ದು. ಅಲ್ಲಿ ಇಂಧನವೂ ಗಾಳಿಯೂ ಮೊದಲೇ ಬೆರೆತು ಸಿಲಿಂಡರಿನೊಳಗೆ ಬರುತ್ತವೆ. ಈ ಮಿಶ್ರಣವನ್ನು ಹೆಚ್ಚು ಒತ್ತುವಂತಿಲ್ಲ, ಒತ್ತಿದರೆ ಕಾಲಕ್ಕೆ ಮೊದಲೇ ಸಿಡಿಯುತ್ತದೆ. ಒತ್ತಡ ಕಡಿಮೆಯಾದಷ್ಟೂ ಶಾಖದಿಂದ ದೊರೆಯುವ ಕೆಲಸ ಕಡಿಮೆ. ಡೀಸೆಲ್‌ನ ಯೋಚನೆ ಸರಳವಾಗಿತ್ತು. ಬರಿಯ ಗಾಳಿಯನ್ನು ಒಳಗೆಳೆದು, ಅದು ಕೆಂಡದಂತೆ ಕಾಯುವವರೆಗೆ ಒತ್ತಿ, ಒತ್ತಿದ ಮೇಲೆ ಇಂಧನವನ್ನು ಸಿಂಪಡಿಸಬೇಕು. ಆಗ ಕಿಡಿಯೂ ಬೇಡ, ಕಿಡಿ ಕೊಡುವ ಸಲಕರಣೆಯೂ ಬೇಡ. ಈ ವಿಧಾನಕ್ಕೆ 1892ರ ಫೆಬ್ರವರಿ 28ರಿಂದ ಅನ್ವಯವಾಗುವಂತೆ 67207ನೆಯ ಸಂಖ್ಯೆಯ ಜರ್ಮನ್ ಪೇಟೆಂಟು ದೊರೆಯಿತು. ಮರುವರ್ಷ ಪ್ರಕಟವಾದ ಪುಸ್ತಕದಲ್ಲಿ ಆತ ವಾತಾವರಣದ 250 ಪಟ್ಟು ಒತ್ತಡವನ್ನೂ ನೂರಕ್ಕೆ 73ರಷ್ಟು ದಕ್ಷತೆಯನ್ನೂ ಲೆಕ್ಕಹಾಕಿ ತೋರಿಸಿದ. ಕಾಗದದ ಮೇಲೆ ಒತ್ತಡಕ್ಕೆ ಬೆಲೆಯಿಲ್ಲ. ಕಬ್ಬಿಣದಲ್ಲಿ ಅದನ್ನು ಹಿಡಿದಿಡುವ ಪ್ರತಿಯೊಂದು ಬೆಸುಗೆಗೂ ಕವಾಟಕ್ಕೂ ಬೆಲೆಯುಂಟು.

ಆತನ ಉದ್ದೇಶವನ್ನು ಇಲ್ಲಿಯೇ ಹೇಳಬೇಕು. ದೊಡ್ಡ ಕಾರ್ಖಾನೆಗಳ ಉಗಿಯಂತ್ರಗಳೆದುರು ಸೋಲುತ್ತಿದ್ದ ಸಣ್ಣ ಕಸುಬುದಾರರ ಕೈಗೆ ಅಗ್ಗದ ಶಕ್ತಿ ಸಿಗಬೇಕೆಂಬುದು ಆತನ ಹಂಬಲ. ತಂದೆಯ ಅಂಗಡಿಯನ್ನು ಕಂಡವನಿಗೆ ಅದು ಸಹಜ.

ಔಗ್ಸ್‌ಬರ್ಗಿನ ಯಂತ್ರ ಕಾರ್ಖಾನೆಯ ಮುಖ್ಯಸ್ಥ ಹೈನ್‌ರಿಶ್ ಫಾನ್ ಬುಟ್ಸ್ ಮತ್ತು ಎಸ್ಸೆನ್ನಿನ ಕ್ರುಪ್ ಸಂಸ್ಥೆ 1893ರಲ್ಲಿ ಪ್ರಯೋಗದ ವೆಚ್ಚ ಹೊರಲು ಒಪ್ಪಿದವು. ಅದೇ ವರ್ಷದ ಆಗಸ್ಟ್ 10ರಂದು ಮೊದಲ ಪರೀಕ್ಷೆ ನಡೆಯಿತು. ಸಿಲಿಂಡರಿನೊಳಗೆ ಇಂಧನ ತಾನಾಗಿ ಹೊತ್ತಿಕೊಂಡಿತು. ಒತ್ತಡ ಸುಮಾರು 80 ಪಟ್ಟಿಗೇರಿ ಅಳತೆಯ ಉಪಕರಣ ಸಿಡಿದು ಚೂರಾಯಿತು. ಆ ದಿನ ಬಳಸಿದ ಇಂಧನ ಪೆಟ್ರೋಲು ಎಂಬುದು ಇಂದಿನ ಓದುಗರಿಗೆ ವಿನೋದವಾಗಿ ತೋರಬಹುದು. 1894ರ ಫೆಬ್ರವರಿ 17ರಂದು ಎಂಜಿನ್ ಮೊದಲ ಬಾರಿಗೆ ಸ್ವಂತ ಬಲದಿಂದ ತಿರುಗಿತು. 88 ಸುತ್ತು, ಒಂದು ನಿಮಿಷ, ಅಷ್ಟೇ. ನಂಬಿಕೆಯಿದ್ದವರಿಗೆ ಅದು ಸಾಕಾಗಿತ್ತು. ಒತ್ತಡದ ಗುರಿಯನ್ನು ಹಂತಹಂತವಾಗಿ ಇಳಿಸಿ ಮೂವತ್ತರ ಆಸುಪಾಸಿಗೆ ತರಲಾಯಿತು. ಸರಿಯಾಗಿ ಮೂರು ವರ್ಷಗಳ ಮೇಲೆ, 1897ರ ಫೆಬ್ರವರಿ 17ರಂದು, ಮ್ಯೂನಿಕ್ಕಿನ ಪ್ರಾಧ್ಯಾಪಕ ಮೋರಿಟ್ಸ್ ಶ್ರೋಟರ್ ಮೂರನೆಯ ಎಂಜಿನ್ನನ್ನು ಅಳೆದು ನೋಡಿದ. 20 ಅಶ್ವಶಕ್ತಿಯ ದರ್ಜೆ, ನೂರಕ್ಕೆ 26.2ರಷ್ಟು ದಕ್ಷತೆ. ಪ್ರಪಂಚದಲ್ಲಿ ಅಂದು ಇಂಧನವನ್ನು ಇಷ್ಟು ಹಿತಮಿತವಾಗಿ ಬಳಸುವ ಯಂತ್ರ ಬೇರೊಂದಿರಲಿಲ್ಲ. ಅದರ ತೂಕ ನಾಲ್ಕೂವರೆ ಟನ್ನು.

ಜೂನ್ ತಿಂಗಳಿನಲ್ಲಿ ಕಾಸೆಲ್ ನಗರದ ಎಂಜಿನಿಯರುಗಳ ಸಭೆಯಲ್ಲಿ ಫಲಿತಾಂಶ ಪ್ರಕಟವಾದೊಡನೆ ಹಣದ ಹೊಳೆ ಹರಿಯಿತು. ಅಮೆರಿಕದ ಹಕ್ಕನ್ನು ಸೇಂಟ್ ಲೂಯಿಸ್ಸಿನ ಬಿಯರ್ ಉದ್ಯಮಿ ಅಡೋಲ್ಫಸ್ ಬುಶ್ ಹತ್ತು ಲಕ್ಷ ಮಾರ್ಕುಗಳಿಗೆ ಕೊಂಡ. ರಷ್ಯದ ಹಕ್ಕು ಇಮ್ಯಾನುಯೆಲ್ ನೊಬೆಲ್‌ಗೆ ಹೋಯಿತು. 1898ರ ಸೆಪ್ಟೆಂಬರಿನಲ್ಲಿ ಸ್ಥಾಪಿತವಾದ ಒಂದು ಕಂಪನಿ ಆತನ ಎಲ್ಲ ಹಕ್ಕುಗಳಿಗೆ 35 ಲಕ್ಷ ಮಾರ್ಕು ಬೆಲೆ ಕಟ್ಟಿತು. ನಲವತ್ತರ ವಯಸ್ಸಿಗೆ ಪುಸ್ತಕ ಕಟ್ಟುವವನ ಮಗ ಲಕ್ಷಾಧೀಶ್ವರನಾಗಿದ್ದ.

ಮಾರಾಟವಾದದ್ದು ಪ್ರಯೋಗಶಾಲೆಯಲ್ಲಿ ಗೆದ್ದ ಎಂಜಿನ್. ತಜ್ಞರು ಸುತ್ತ ನಿಂತು, ಪ್ರತಿ ತಿರುಪನ್ನೂ ಹದಮಾಡಿ, ಒಂದು ದಿನ ಓಡಿಸಿದ ಯಂತ್ರ ಅದು. ಕೊಂಡವನ ಕಾರ್ಖಾನೆಯಲ್ಲಿ ಅದು ವರ್ಷದ ಮುನ್ನೂರು ದಿನ, ಉಗಿಯಂತ್ರದ ಅಭ್ಯಾಸವಷ್ಟೇ ಇದ್ದ ಕೆಲಸಗಾರನ ಕೈಯಲ್ಲಿ ಓಡಬೇಕಾಗಿತ್ತು. ಮೊದಲನೆಯ ಗಿರಾಕಿ ಬವೇರಿಯದ ಕೆಂಪ್ಟನ್ ನಗರದ ಬೆಂಕಿಪೊಟ್ಟಣದ ಕಾರ್ಖಾನೆ. 1898ರಲ್ಲಿ ಅಲ್ಲಿ ನಿಲ್ಲಿಸಿದ 60 ಅಶ್ವಶಕ್ತಿಯ, ಎರಡು ಸಿಲಿಂಡರಿನ ಎಂಜಿನ್ ಮತ್ತೆ ಮತ್ತೆ ಕೆಟ್ಟು ಔಗ್ಸ್‌ಬರ್ಗಿನ ಫಿಟ್ಟರುಗಳನ್ನು ಕರೆಯಿಸಿಕೊಂಡಿತು. ಅದೇ ಬೇಸಿಗೆಯಲ್ಲಿ ಮ್ಯೂನಿಕ್ಕಿನ ಯಂತ್ರ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನುಗಳಿಗೆಂದೇ ಪ್ರತ್ಯೇಕ ಮಂಟಪ ಕಟ್ಟಲಾಗಿತ್ತು. ಹಗಲಿನಲ್ಲಿ ಜನ ಬೆರಗಾಗಿ ನೋಡುತ್ತಿದ್ದ ಯಂತ್ರಗಳನ್ನು ರಾತ್ರಿ ಬಾಗಿಲು ಮುಚ್ಚಿದ ಮೇಲೆ ಬಿಚ್ಚಿ ರಿಪೇರಿ ಮಾಡಿ ಮರುದಿನಕ್ಕೆ ಸಜ್ಜುಗೊಳಿಸಬೇಕಾಗುತ್ತಿತ್ತು.

ಕೆಡುತ್ತಿದ್ದುದು ಏನು? ಮುಖ್ಯವಾಗಿ ಇಂಧನವನ್ನು ಒಳಗೆ ತಳ್ಳುವ ಏರ್ಪಾಡು. ಕಾದು ಬಿಗಿದ ಗಾಳಿಯೊಳಕ್ಕೆ ಎಣ್ಣೆ ನುಗ್ಗಬೇಕಾದರೆ ಅದಕ್ಕಿಂತ ಹೆಚ್ಚಿನ ಒತ್ತಡ ಬೇಕು. ಅಂಥ ಪಂಪನ್ನು ಬೇಕಾದ ನಿಖರತೆಯಲ್ಲಿ ಕಡೆಯುವ ಕೌಶಲ ಅಂದು ಇರಲಿಲ್ಲ. ಆದುದರಿಂದ ಡೀಸೆಲ್ ಪ್ರತ್ಯೇಕವಾದೊಂದು ಕಂಪ್ರೆಸರನ್ನು ಜೋಡಿಸಿ, ಅದರ ಗಾಳಿಯ ರಭಸದಲ್ಲಿ ಎಣ್ಣೆಯನ್ನು ಸಿಂಪಡಿಸಿದ. ಕಂಪ್ರೆಸರ್ ಎಂದರೆ ಎಂಜಿನ್ನಿಗೆ ಅಂಟಿದ ಮತ್ತೊಂದು ಯಂತ್ರ. ಅದಕ್ಕೂ ಕವಾಟ, ಉಂಗುರ, ತಂಪಿನ ನೀರು. ಅದು ನಿಂತರೆ ಎಂಜಿನ್ನೂ ನಿಲ್ಲುತ್ತಿತ್ತು. ಎಣ್ಣೆ ಚಿಮ್ಮುವ ನಾಜಲ್ ಮಸಿ ಕಟ್ಟಿ ಮುಚ್ಚುತ್ತಿತ್ತು, ಕವಾಟಗಳು ಸೋರುತ್ತಿದ್ದವು. ಹಳೆಯ ಡೀಸೆಲ್ ವಾಹನವಿಟ್ಟುಕೊಂಡು ಪಂಪು-ನಾಜಲ್ ಕೆಲಸಕ್ಕೆ ಹಣ ತೆತ್ತವರಿಗೆ ಈ ಪಟ್ಟಿ ಅಪರಿಚಿತವೆನಿಸದು. ಆಟೊನ ಎಂಜಿನ್ನಿನಲ್ಲಿ ಕಿಡಿಯ ಸಲಕರಣೆ ಕೆಟ್ಟರೆ ಸ್ಥಳೀಯ ಕಮ್ಮಾರನೂ ಏನಾದರೂ ಮಾಡಬಲ್ಲವನಾಗಿದ್ದ. ಡೀಸೆಲ್ ಕೆಟ್ಟರೆ ತಯಾರಕನೇ ಬರಬೇಕಿತ್ತು.

1898ರಲ್ಲಿ ಔಗ್ಸ್‌ಬರ್ಗಿನಲ್ಲಿ ಈ ಎಂಜಿನ್ನುಗಳಿಗಾಗಿಯೇ ಒಂದು ಹೊಸ ಕಾರ್ಖಾನೆ ತೆರೆಯಿತು. ಅದು ಕಳುಹಿಸಿದ ಎಂಜಿನ್ನುಗಳು ದೂರುಗಳೊಂದಿಗೆ ಮರಳಿ ಬಂದವು, ಕೆಲವೇ ವರ್ಷಗಳಲ್ಲಿ ತಯಾರಿಕೆ ನಿಂತುಹೋಯಿತು. ಇದೇ ಹೊತ್ತಿಗೆ ಪೇಟೆಂಟಿನ ವ್ಯಾಜ್ಯಗಳು, ತಲೆನೋವು, ನಿದ್ರೆಯಿಲ್ಲದ ರಾತ್ರಿಗಳು ಸೇರಿ ಡೀಸೆಲ್‌ನ ಆರೋಗ್ಯ ಮುರಿದುಬಿತ್ತು. 1898ರ ಕೊನೆಯಿಂದ ಕೆಲವು ತಿಂಗಳು ಆತ ಮ್ಯೂನಿಕ್ಕಿನ ಆರೋಗ್ಯಧಾಮದಲ್ಲಿ ಕಳೆಯಬೇಕಾಯಿತು. ಎಂಜಿನ್ನನ್ನು ಉಳಿಸಿದವರು ಬೇರೆಯವರು. ನಷ್ಟವನ್ನು ಸಹಿಸಿ ಕೈಬಿಡದೆ ನಿಂತವನು ಬುಟ್ಸ್. ಒಂದೊಂದೇ ದೋಷವನ್ನು ಹುಡುಕಿ, ನಾಜಲ್ಲನ್ನೂ ಕಂಪ್ರೆಸರನ್ನೂ ಕವಾಟಗಳನ್ನೂ ತಿದ್ದಿ, ಗಿರಾಕಿಯ ಕೈಯಲ್ಲಿ ಕೆಡದ ಯಂತ್ರವನ್ನಾಗಿ ಅದನ್ನು ರೂಪಿಸಿದವನು ಕಾರ್ಖಾನೆಯ ಎಂಜಿನಿಯರ್ ಇಮ್ಯಾನುಯೆಲ್ ಲೌಸ್ಟರ್. ಡೀಸೆಲ್ ಎಂಜಿನ್ ಎಂದರೆ ಗಟ್ಟಿ ಎಂಬ ಹೆಸರು ಆತನ ಆ ವರ್ಷಗಳ ದುಡಿಮೆಗೆ ಸಲ್ಲಬೇಕು. ಲೌಸ್ಟರನ ಹೆಸರನ್ನು ಬಲ್ಲವರು ಇಂದು ಎಷ್ಟು ಮಂದಿ?

1900ರ ಪ್ಯಾರಿಸ್ ವಿಶ್ವಮೇಳದಲ್ಲಿ ಡೀಸೆಲ್‌ಗೆ ಅತ್ಯುನ್ನತ ಬಹುಮಾನ ಬಂತು. ಅಲ್ಲಿ ಆಟೊ ಕಂಪನಿಯ ಒಂದು ಸಣ್ಣ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಿಂದ ಓಡಿತು. ಆಫ್ರಿಕದ ವಸಾಹತುಗಳಲ್ಲಿ ಅಲ್ಲಿಯದೇ ಬೆಳೆಯಿಂದ ಶಕ್ತಿ ಪಡೆಯಬಹುದೇ ಎಂಬುದು ಫ್ರೆಂಚ್ ಸರ್ಕಾರದ ಕುತೂಹಲ. ಶತಮಾನದ ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಮತ್ತು ಸಂಗಡಿಗರು ಹೊಂಗೆ ಎಣ್ಣೆಯಿಂದ ಹಳ್ಳಿಯ ಡೀಸೆಲ್ ಎಂಜಿನ್ನುಗಳನ್ನು ನಡೆಸಿ ನೀರೆತ್ತಿಸಿದರು. ಅದರ ಬೇರು ಪ್ಯಾರಿಸ್ಸಿನ ಆ ಪ್ರಯೋಗದವರೆಗೂ ಚಾಚಿದೆ.

ಯಂತ್ರ ಚೇತರಿಸಿಕೊಂಡಂತೆ ಅದರ ಜನಕನ ಸಂಪತ್ತು ಕರಗಿತು. ಮ್ಯೂನಿಕ್ಕಿನ ಮಾರಿಯಾ ತೆರೇಸಿಯಾ ಬೀದಿಯಲ್ಲಿ ಕಟ್ಟಿಸಿದ ಭವ್ಯ ಮನೆ ಬಹಳ ಹಣ ನುಂಗಿತು. ಗಲೀಸಿಯದ ಎಣ್ಣೆ ಬಾವಿಗಳಲ್ಲೂ ನಿವೇಶನಗಳ ವ್ಯಾಪಾರದಲ್ಲೂ ತೊಡಗಿಸಿದ ಬಂಡವಾಳ ಮುಳುಗಿತು. ದುಡಿಯುವವರೇ ಹಣ ಕೂಡಿಸಿ ಕಾರ್ಖಾನೆಗಳ ಒಡೆಯರಾಗುವ ಯೋಜನೆಯೊಂದನ್ನು 1903ರಲ್ಲಿ ಪುಸ್ತಕವಾಗಿ ಹೊರತಂದ. ಹತ್ತು ಸಾವಿರ ಪ್ರತಿ ಅಚ್ಚಾಗಿ ಕೆಲವು ನೂರು ಮಾತ್ರ ಮಾರಾಟವಾದವೆಂದು ಹೇಳುತ್ತಾರೆ. ಇತ್ತ ಎಂಜಿನ್ ನೀರಿಗಿಳಿಯಿತು. ವೋಲ್ಗಾ ನದಿಯಲ್ಲಿ ನೊಬೆಲ್ ಕಂಪನಿಯ ಎಣ್ಣೆಹಡಗು, ದಕ್ಷಿಣ ಧ್ರುವದ ಕಡೆಗೆ ಹೊರಟ ಅಮುಂಡ್ಸೆನ್‌ನ ಫ್ರಾಮ್, 1912ರಲ್ಲಿ ಡೆನ್ಮಾರ್ಕಿನ ಸೆಲಾಂಡಿಯ ಎಲ್ಲವೂ ಡೀಸೆಲ್ ಹೊತ್ತವು. ಹಡಗಿಗೆ ತೂಕ ಭಾರವಲ್ಲ. ರಸ್ತೆಯ ವಾಹನಕ್ಕೆ ಭಾರ. 1908ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ಸಫೀರ್ ಕಾರ್ಖಾನೆಯೊಡನೆ ಲಾರಿಗಾಗಿ ಸಣ್ಣ ಎಂಜಿನ್ ಮಾಡಲು ಡೀಸೆಲ್ ಯತ್ನಿಸಿದ. ಕಂಪ್ರೆಸರಿನ ಹೊರೆ ಅಲ್ಲಿಯೂ ಬಿಡಲಿಲ್ಲ. ತನ್ನ ಎಂಜಿನ್ನಿನ ಕಾರೊಂದು ರಸ್ತೆಯಲ್ಲಿ ಓಡಿದ್ದನ್ನು ಆತ ಕಾಣಲೇ ಇಲ್ಲ.

1912ರ ನವೆಂಬರಿನಲ್ಲಿ ಬರ್ಲಿನ್ನಿನ ಹಡಗು ತಂತ್ರಜ್ಞರ ಸಭೆಯಲ್ಲಿ ಆತ ತನ್ನ ಎಂಜಿನ್ನಿನ ಜನ್ಮವೃತ್ತಾಂತವನ್ನು ಓದಿದಾಗ ಕೆಲವು ಪ್ರಾಧ್ಯಾಪಕರು ಎದ್ದು ನಿಂತು ಖಂಡಿಸಿದರು. ಪೇಟೆಂಟಿನಲ್ಲಿ ಬರೆದದ್ದು ಎಂದೂ ಓಡಲಿಲ್ಲ, ಓಡಿದ್ದು ಪೇಟೆಂಟಿನಲ್ಲಿ ಇರಲಿಲ್ಲ, ಕೆಲಸಕ್ಕೆ ಬರುವ ಎಂಜಿನ್ ಮಾಡಿದವರು ಔಗ್ಸ್‌ಬರ್ಗಿನ ಎಂಜಿನಿಯರುಗಳು ಎಂಬುದು ಆಕ್ಷೇಪದ ಸಾರ. ಇದರಲ್ಲಿ ಅರ್ಧ ಸತ್ಯವಿದೆ. ಒತ್ತಡದ ಲೆಕ್ಕ ಬದಲಾದದ್ದು ನಿಜ, ದುರಸ್ತಿ ಮಾಡಿದವರು ಇತರರೆಂಬುದೂ ನಿಜ. ಗಾಳಿಯನ್ನು ಮಾತ್ರ ಒತ್ತಿ ಆ ಬಿಸಿಯಲ್ಲೇ ಇಂಧನವನ್ನು ಹೊತ್ತಿಸುವ ಎಂಜಿನ್ನಿಗಾಗಿ ನಾಲ್ಕು ವರ್ಷ ಸೋತರೂ ಪಟ್ಟು ಬಿಡದವನು ಡೀಸೆಲ್ ಎಂಬುದನ್ನು ಟೀಕಾಕಾರರು ಹೇಳಲಿಲ್ಲ.

1913ರ ಸೆಪ್ಟೆಂಬರ್ 29ರ ಸಂಜೆ ಡೀಸೆಲ್ ಆಂಟ್‌ವರ್ಪಿನಲ್ಲಿ ಡ್ರೆಸ್ಡನ್ ಎಂಬ ಹಡಗನ್ನು ಹತ್ತಿದ. ಇಂಗ್ಲೆಂಡಿನಲ್ಲಿ ಹೊಸ ಎಂಜಿನ್ ಕಾರ್ಖಾನೆಯೊಂದರ ಕೆಲಸವಿತ್ತು. ಸಂಗಡಿಗರಿಬ್ಬರೊಡನೆ ಊಟ ಮುಗಿಸಿ ರಾತ್ರಿ ಹತ್ತರ ಸುಮಾರಿಗೆ ತನ್ನ ಕೋಣೆಗೆ ಹೋದ, ಬೆಳಿಗ್ಗೆ ಆರೂಕಾಲಕ್ಕೆ ಎಬ್ಬಿಸುವಂತೆ ಹೇಳಿದ್ದ. ಬೆಳಿಗ್ಗೆ ಕೋಣೆ ಬರಿದಾಗಿತ್ತು, ಹಾಸಿಗೆಯ ಮಡಿಕೆ ಮುರಿದಿರಲಿಲ್ಲ. ಹಿಂಬದಿಯ ಅಟ್ಟದ ಕಟಕಟೆಯ ಬಳಿ ಆತನ ಟೋಪಿಯೂ ಮಡಿಸಿಟ್ಟ ಮೇಲಂಗಿಯೂ ಸಿಕ್ಕವು. ಹತ್ತು ದಿನಗಳ ಮೇಲೆ ಡಚ್ ದೋಣಿಯೊಂದಕ್ಕೆ ಸಮುದ್ರದಲ್ಲಿ ಶವವೊಂದು ದೊರೆಯಿತು. ನಾವಿಕರು ಜೇಬಿನ ವಸ್ತುಗಳನ್ನು ತೆಗೆದುಕೊಂಡು ದೇಹವನ್ನು ನೀರಿಗೇ ಬಿಟ್ಟರು. ಕನ್ನಡಕದ ಡಬ್ಬಿ, ಚಾಕು, ಮಾತ್ರೆಯ ಡಬ್ಬಿಗಳನ್ನು ಕಿರಿಯ ಮಗ ಯೂಜೀನ್ ತಂದೆಯವೆಂದು ಗುರುತಿಸಿದ. ಬ್ರಿಟಿಷ್ ನೌಕಾಪಡೆಯ ರಹಸ್ಯ, ಎಣ್ಣೆ ಕಂಪನಿಗಳ ಸಂಚು ಮುಂತಾದ ಕತೆಗಳು ಇಂದಿಗೂ ಹಬ್ಬುತ್ತಿವೆ. ಸಾಲದ ಪಟ್ಟಿಯನ್ನು ನೋಡಿದವರಿಗೆ ಅವುಗಳ ಅಗತ್ಯ ಕಾಣದು.

ಡೀಸೆಲ್ ಸೋತ ಅಡಚಣೆಯನ್ನು ಮುಂದಿನ ತಲೆಮಾರು ದಾಟಿತು. ಪ್ರೊಸ್ಪೆರ್ ಲೊರಾಂಜ್ 1909ರಲ್ಲಿ ಬೆಂಜ್ ಕಾರ್ಖಾನೆಗಾಗಿ ಪೂರ್ವ ದಹನಕೋಶವನ್ನು ರೂಪಿಸಿದ. ರಾಬರ್ಟ್ ಬಾಷ್ ಸಂಸ್ಥೆ 1927ರಲ್ಲಿ ಇಂಧನದ ಪಂಪನ್ನು ಸಾಲುಸಾಲಾಗಿ ತಯಾರಿಸತೊಡಗಿತು. ಕಂಪ್ರೆಸರ್ ಕಳಚಿಬಿತ್ತು. 1924ರ ಹೊತ್ತಿಗೆ ಲಾರಿಗೇರಿದ ಎಂಜಿನ್ 1936ರಲ್ಲಿ ಮರ್ಸಿಡಿಸ್ 260 ಡಿ ಎಂಬ ಕಾರನ್ನೂ ಸೇರಿತು. 45 ಅಶ್ವಶಕ್ತಿಯ ಆ ಮಂದಗಾಮಿಯನ್ನು ಮೆಚ್ಚಿಕೊಂಡವರು ಟ್ಯಾಕ್ಸಿಯವರು. 1976ರಿಂದ 1985ರವರೆಗೆ ತಯಾರಾದ 240 ಡಿ ಮಾದರಿಯವರೆಗೂ ಈ ವಂಶದ ಗುಣ ಒಂದೇ: ಒತ್ತಡ ತಡೆಯಲೆಂದು ದಪ್ಪವಾಗಿ ಎರಕ ಹೊಯ್ದ ದೇಹ, ನಿಧಾನದ ತಿರುಗಾಟ, ಬರಿಯ ಯಾಂತ್ರಿಕ ಪಂಪು. ಕೆಡಲು ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಡೀಸೆಲ್ ಬಾಳಿಕೆ ಬರುತ್ತದೆಂಬ ಖ್ಯಾತಿ ಈ ಕಾರುಗಳು ಗಳಿಸಿಕೊಟ್ಟದ್ದು.

ಆ ಖ್ಯಾತಿಯನ್ನು ನಂಬಿ ಇಂದಿನ ಹಳೆಯ ಕಾರನ್ನು ಕೊಳ್ಳುವವರು ಬೇರೆಯದೇ ಯಂತ್ರವನ್ನು ಕೊಳ್ಳುತ್ತಾರೆ. 1997ರಲ್ಲಿ ಕಾರುಗಳಿಗೆ ಬಂದ ಕಾಮನ್ ರೈಲ್ ಪದ್ಧತಿಯಲ್ಲಿ ಇಂಧನದ ಒತ್ತಡ ಮೊದಲು 1350 ಬಾರ್, ಈಗ 2000ಕ್ಕೂ ಮೇಲೆ. ಆ ಪಂಪಿನ ತೇಲುಗೆಲಸಕ್ಕೆ ಡೀಸೆಲ್ ಎಣ್ಣೆಯ ಜಿಡ್ಡೇ ಕೀಲೆಣ್ಣೆ. ತಪ್ಪಿ ಪೆಟ್ರೋಲ್ ತುಂಬಿದರೆ ಜಿಡ್ಡು ಹೋಗಿ ಲೋಹ ಸವೆದು, ಅದರ ಪುಡಿ ಇಂಜೆಕ್ಟರುಗಳಿಗೂ ಹರಡುತ್ತದೆ. ಆಗ ಪಂಪೊಂದನ್ನು ಬದಲಿಸಿದರೆ ಸಾಲದು. ಇದಕ್ಕೆ ಟರ್ಬೊ, ಹೊಗೆ ಮರುಕಳಿಸುವ ಕವಾಟ, ಮಸಿ ಹಿಡಿಯುವ ಫಿಲ್ಟರ್ ಸೇರುತ್ತವೆ. ಫಿಲ್ಟರಿನ ಮಸಿ ಸುಟ್ಟುಹೋಗಲು ಎಂಜಿನ್ ಚೆನ್ನಾಗಿ ಕಾದು ದೂರ ಓಡಬೇಕು. ಶಾಲೆ, ಅಂಗಡಿ, ಮನೆ ಎಂದು ಮೂರು ಮೂರು ಕಿಲೋಮೀಟರ್ ಓಡುವ ಕಾರಿನಲ್ಲಿ ಅದು ಕಟ್ಟಿಕೊಳ್ಳುವುದು ಖಂಡಿತ. ಹೆದ್ದಾರಿಯಲ್ಲಿ ಎರಡು ಲಕ್ಷ ಕಿಲೋಮೀಟರ್ ಓಡಿದ ಡೀಸೆಲ್ ಎಷ್ಟೋ ವೇಳೆ ಪೇಟೆಯಲ್ಲಿ ಎಪ್ಪತ್ತು ಸಾವಿರ ಓಡಿದ್ದಕ್ಕಿಂತ ಲೇಸು. ಸಾಧಾರಣ ಪೆಟ್ರೋಲ್ ಎಂಜಿನ್ನಿನಲ್ಲಿ ಕಾಲಕಾಲಕ್ಕೆ ಬದಲಿಸಬೇಕಾದ ಸ್ಪಾರ್ಕ್ ಪ್ಲಗ್ಗು, ಕಾಯಿಲುಗಳ ಬೆಲೆ ಇವುಗಳ ಮುಂದೆ ಅಲ್ಪ. ಆದರೆ ಟರ್ಬೊ, ನೇರ ಸಿಂಪಡಣೆ ಮತ್ತು ಫಿಲ್ಟರುಗಳು ಪೆಟ್ರೋಲ್ ಕಾರುಗಳಿಗೂ ಬಂದ ಮೇಲೆ ಈ ಅಂತರ ಕಿರಿದಾಗುತ್ತಿದೆ. ಜರ್ಮನಿಯ ವಾಹನ ತೆರಿಗೆಯಲ್ಲಂತೂ ಪ್ರತಿ 100 ಸಿಸಿಗೆ ಪೆಟ್ರೋಲಿಗೆ 2 ಯೂರೋ, ಡೀಸೆಲ್‌ಗೆ ಒಂಬತ್ತೂವರೆ.

1897ರ ಪರೀಕ್ಷೆಯ ಎಂಜಿನ್ ಈಗ ಮ್ಯೂನಿಕ್ಕಿನ ಜರ್ಮನ್ ವಸ್ತುಸಂಗ್ರಹಾಲಯದಲ್ಲಿದೆ. ಔಗ್ಸ್‌ಬರ್ಗಿನ ವಿಟೆಲ್ಸ್‌ಬಾಖ್ ಉದ್ಯಾನದಲ್ಲಿ ಡೀಸೆಲ್ ನೆನಪಿಗೆ ಜಪಾನಿ ರೀತಿಯ ಕಲ್ಲುಗಳ ಪುಟ್ಟ ತೋಪೊಂದಿದೆ. 1957ರಲ್ಲಿ ಅದನ್ನು ಕೊಡುಗೆಯಾಗಿ ಕೊಟ್ಟವನು ಜಪಾನಿನ ಯಾನ್ಮಾರ್ ಕಂಪನಿಯ ಸ್ಥಾಪಕ ಯಮಾಓಕ ಮಾಗೊಕಿಚಿ. ರೈತರೂ ಮೀನುಗಾರರೂ ಸಣ್ಣ ಕಸುಬುದಾರರೂ ಬಳಸಬಹುದಾದ ಪುಟ್ಟ ಡೀಸೆಲ್ ಎಂಜಿನ್ನನ್ನು 1933ರಲ್ಲಿ ತಯಾರಿಸಿ ಮಾರಿದವನು ಆತ.